ಸಿಪ್ಪೆ ಎಂಬ ಉಗ್ರಾಣ

ಕಿತ್ತಳೆ ಸುಲಿಯುವಾಗ ಹಣ್ಣಿಗಿಂತ ಮೊದಲು ಘಮ ಬರುತ್ತದೆ. ತೊಳೆ ಬಾಯಿಗೆ ಬೀಳುವ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಕೂತವರಿಗೂ ಸುದ್ದಿ ಮುಟ್ಟಿರುತ್ತದೆ. ಸಿಪ್ಪೆಯ ಚೂರನ್ನು ಮಡಚಿ ಗೆಳೆಯರ ಕಣ್ಣಿನ ಕಡೆ ಚಿಮ್ಮಿಸುವ ಆಟ ಆಡಿದವರಿಗೆ ಆ ತುಂತುರಿನ ವೇಗವೂ ಅದರ ಉರಿಯೂ ನೆನಪಿರುತ್ತದೆ. 2018ರಲ್ಲಿ ಅಮೆರಿಕದ ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾಲಯದ ಸಂಶೋಧಕರು ಇದೇ ಆಟವನ್ನು ಅತಿವೇಗದ ಕ್ಯಾಮೆರಾದ ಮುಂದೆ ಆಡಿ ನೋಡಿದರು. ಸಿಪ್ಪೆ ಬಗ್ಗಿದಾಗ ಹೊರಮೈಯಲ್ಲಿರುವ ಎಣ್ಣೆಯ ಚೀಲಗಳ ಮೇಲೆ ಒತ್ತಡ ಏರುತ್ತದೆ. ಮೇಲಿನ ತೆಳುಪೊರೆ ತಾಳಲಾರದೆ ಹರಿಯುತ್ತದೆ. ಸಣ್ಣ ಎಣ್ಣೆಧಾರೆ ಸೆಕೆಂಡಿಗೆ 10 ಮೀಟರ್‌ಗೂ ಮೀರಿದ ವೇಗದಲ್ಲಿ ಹೊರಕ್ಕೆ ಹಾರುತ್ತದೆ. ಆ ವೇಗ ಮುಟ್ಟಲು ಅದು ತೆಗೆದುಕೊಳ್ಳುವ ಕಾಲ ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಅದರ ವೇಗೋತ್ಕರ್ಷ ಭೂಮಿಯ ಗುರುತ್ವದ ಸುಮಾರು 5,000 ಪಟ್ಟು.

ಇಷ್ಟು ಸಿದ್ಧತೆ ಮಾಡಿಕೊಂಡು ಕೂತ ವಸ್ತುವನ್ನು ನಾವು ಒಂದು ಕ್ಷಣವೂ ಯೋಚಿಸದೆ ಕಸದ ಬುಟ್ಟಿಗೆ ಹಾಕುತ್ತೇವೆ. ಅದೇ ಮನೆಯ ಮೊಬೈಲಿಗೆ ಬೆಳಗಾದರೆ ಇನ್ನೊಂದು ಸಂದೇಶ ಬಂದಿರುತ್ತದೆ: ನಿಂಬೆ ಸಿಪ್ಪೆಯ ಪುಡಿ ತಿಂದರೆ ಕ್ಯಾನ್ಸರೂ ಇಲ್ಲ, ಸಕ್ಕರೆ ಕಾಯಿಲೆಯೂ ಇಲ್ಲ. ಸಿಪ್ಪೆ ಕಸ ಎನ್ನುವುದೂ ಅದು ಸಂಜೀವಿನಿ ಎನ್ನುವುದೂ ಅದನ್ನು ಸರಿಯಾಗಿ ನೋಡದವರ ಮಾತು. ನಮ್ಮ ಅಡುಗೆಮನೆಗಳು ಬಹಳ ಹಿಂದೆಯೇ ಸಿಪ್ಪೆಗೆ ಒಂದು ಜಾಗ ಕೊಟ್ಟಿದ್ದವು. ಆ ಜಾಗ ಸರಿಯಾದದ್ದೇ ಎಂದು ರಸಾಯನಶಾಸ್ತ್ರವೂ ಹೇಳುತ್ತದೆ. ಅದು ಹೇಗೆ ಎಂದು ನೋಡೋಣ.

ಎರಡು ಪದರ

ಸಿಪ್ಪೆಯ ಚೂರೊಂದನ್ನು ಅಡ್ಡ ಕತ್ತರಿಸಿ ನೋಡಿದರೆ ಎರಡು ಪದರ ಕಾಣುತ್ತವೆ. ಹೊರಗಿನ ಬಣ್ಣದ ಪದರಕ್ಕೆ ವಿಜ್ಞಾನಿಗಳು ಫ್ಲವೇಡೊ ಎನ್ನುತ್ತಾರೆ. ಬಣ್ಣವೂ ಎಣ್ಣೆಯ ಚೀಲಗಳೂ ಇರುವುದು ಇಲ್ಲಿ. ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ಚುಕ್ಕೆಗಳಾಗಿ ಆ ಚೀಲಗಳು ಕಾಣುತ್ತವೆ. ಒಳಗಿನ ಬಿಳಿಯ, ಬೆಂಡಿನಂಥ ಪದರ ಆಲ್ಬೇಡೊ. ನಾರೂ ಪೆಕ್ಟಿನ್ ಎಂಬ ಅಂಟೂ ಇರುವುದು ಇಲ್ಲಿ.

ಯಾವ ಹಣ್ಣಿನಲ್ಲಿ ಯಾವ ಪದರ ಎಷ್ಟು ದಪ್ಪ ಎಂಬುದು ಅದರ ವಂಶದ ಮೇಲೆ ಹೋಗುತ್ತದೆ. ಕಿತ್ತಳೆ, ನಿಂಬೆಗಳು ಸೇರುವ ಸಿಟ್ರಸ್ ಕುಲದ ಜೀನೋಮ್‌ಗಳನ್ನು ಹೋಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಕುಲದ ತವರನ್ನು ಹಿಮಾಲಯದ ಆಗ್ನೇಯ ತಪ್ಪಲಿನಲ್ಲಿ, ಅಂದರೆ ಅಸ್ಸಾಂ, ಮ್ಯಾನ್ಮಾರ್, ಚೀನಾದ ಯುನ್ನಾನ್ ಸೇರುವ ಸೀಮೆಯಲ್ಲಿ ಗುರುತಿಸಿತು. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಸಿಟ್ರಸ್ ಹಣ್ಣುಗಳು ಮುಖ್ಯವಾಗಿ ಮೂರು ಪೂರ್ವಜರ ಬೆರಕೆ: ಮ್ಯಾಂಡರಿನ್, ಚಕ್ಕೋತ, ಮಾದಲ. ನಮ್ಮ ಕೊಡಗಿನ ಕಿತ್ತಳೆ ಮ್ಯಾಂಡರಿನ್ ಬಳಗದ್ದು. ಅದಕ್ಕೇ ಅದರ ಸಿಪ್ಪೆ ಸಡಿಲವಾಗಿ, ತೆಳ್ಳಗೆ ಬಿಟ್ಟುಕೊಳ್ಳುತ್ತದೆ. ದೇವನಹಳ್ಳಿಯ ಚಕ್ಕೋತದಲ್ಲಿ ಬೆರಳು ಹೂಳುವಷ್ಟು ದಪ್ಪ ಬಿಳಿ ಪದರವಿದೆ. ಇವೆರಡರ ರಕ್ತ ಬೆರೆತ ಮೋಸಂಬಿಯ ಸಿಪ್ಪೆ ಬಿಗಿಯಾಗಿ ಅಂಟಿಕೊಂಡು ಚಾಕು ಕೇಳುತ್ತದೆ. ಮಾದಲವಂತೂ ಹಣ್ಣು ಎನ್ನುವುದಕ್ಕಿಂತ ಸಿಪ್ಪೆಯ ಗಡ್ಡೆ. ಅದರೊಳಗೆ ರಸ ಹುಡುಕಬೇಕು.

ಆದರೂ ಮನುಷ್ಯ ಮಾದಲವನ್ನು ಬಿಟ್ಟಿಲ್ಲ. ಕೊಲ್ಹಾಪುರದ ಮಹಾಲಕ್ಷ್ಮಿಯ ಕೈಯಲ್ಲಿರುವ ಮಾತುಲುಂಗ ಇದೇ ಹಣ್ಣು. ಸಿಟ್ರಸ್ ಕುಲದಲ್ಲಿ ಪಶ್ಚಿಮಕ್ಕೆ ಹೋಗಿ ಮೆಡಿಟರೇನಿಯನ್ ಮುಟ್ಟಿದ ಮೊದಲ ಹಣ್ಣೂ ಇದೇ. ಸುಮಾರು 2,300 ವರ್ಷಗಳ ಹಿಂದೆ ಗ್ರೀಸಿನ ಥಿಯೋಫ್ರಾಸ್ಟಸ್ ಇದನ್ನು ವರ್ಣಿಸುತ್ತ, ಇದನ್ನು ತಿನ್ನುವುದಿಲ್ಲ, ಆದರೆ ಘಮ ಚೆನ್ನಾಗಿದೆ, ಬಟ್ಟೆಯ ನಡುವೆ ಇಟ್ಟರೆ ನುಸಿ ಹಿಡಿಯುವುದಿಲ್ಲ ಎಂದು ಬರೆದಿಟ್ಟ. ಸಿಪ್ಪೆಯ ಎಣ್ಣೆಯ ಉಪಯೋಗ ಕುರಿತ ಅತಿ ಹಳೆಯ ದಾಖಲೆಗಳಲ್ಲಿ ಇದೊಂದು.

ಎಣ್ಣೆಯ ಗುಣ

ಆ ಘಮದ ಮುಖ್ಯ ಪಾಲು ಲಿಮೊನೀನ್ ಎಂಬ ಒಂದೇ ವಸ್ತುವಿನದು. ಒಂದು ಅಣುವಿನಲ್ಲಿ 10 ಇಂಗಾಲ, 16 ಜಲಜನಕ, ಬೇರೇನೂ ಇಲ್ಲ. ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿ ಇದರ ಪ್ರಮಾಣ ಶೇಕಡಾ 90ಕ್ಕೂ ಮೇಲೆ. ನಿಂಬೆಯಲ್ಲಿ ಇದು ಕಡಿಮೆ; ಜೊತೆಗೆ ಸಿಟ್ರಾಲ್ ಮುಂತಾದವು ಸೇರಿ ಅದಕ್ಕೆ ಬೇರೆಯದೇ ಚುರುಕು ಕೊಡುತ್ತವೆ. ಎಡಗೈ ಬಲಗೈಗಳಂತೆ ಲಿಮೊನೀನಿಗೂ ಎರಡು ರೂಪಗಳಿವೆ. ಒಂದು ರೂಪ ಕಿತ್ತಳೆಯದು, ಇನ್ನೊಂದು ನಿಂಬೆಯದು ಎಂದು ಪಠ್ಯಪುಸ್ತಕಗಳು ಬಹುಕಾಲ ಹೇಳಿಕೊಂಡು ಬಂದವು. ಅಳೆದು ನೋಡಿದರೆ ನಿಂಬೆಯಲ್ಲಿರುವುದೂ ಬಹುಪಾಲು ಕಿತ್ತಳೆಯಲ್ಲಿರುವ ರೂಪವೇ. ಎರಡರ ವಾಸನೆ ಬೇರೆಯಾಗುವುದು ಜೊತೆಗಿರುವ ಸಣ್ಣಪುಟ್ಟ ವಸ್ತುಗಳಿಂದ. ಸಾರಿಗೆ ಚಿಟಿಕೆ ಇಂಗು ಬಿದ್ದರೆ ಇಡೀ ಸಾರಿನ ಪರಿಮಳ ಬದಲಾಗುವ ಹಾಗೆ.

ಲಿಮೊನೀನ್ ನೀರಿಗೆ ಬೆರೆಯದು, ಜಿಡ್ಡಿಗೆ ಬೆರೆಯುತ್ತದೆ. ಊದಿದ ಬಲೂನಿನ ಮೇಲೆ ಸಿಪ್ಪೆ ಹಿಂಡಿದರೆ ಬಲೂನು ಪಟ್ಟನೆ ಒಡೆಯುವುದು ಇದೇ ಕಾರಣಕ್ಕೆ. ಲಿಮೊನೀನ್ ರಬ್ಬರನ್ನು ಮೆದುಗೊಳಿಸುತ್ತದೆ. ಥರ್ಮಕೋಲನ್ನೂ ಕರಗಿಸುತ್ತದೆ. ಒಲೆಯ ಸುತ್ತ ಹಿಡಿದ ಎಣ್ಣೆಜಿಡ್ಡನ್ನು ಸಿಪ್ಪೆಯ ಹೊರಮೈಯಿಂದ ಉಜ್ಜಿದರೆ ಬಿಟ್ಟುಕೊಳ್ಳುವುದೂ ಇದರಿಂದಲೇ. ಕಾರ್ಖಾನೆಗಳಲ್ಲಿ ಯಂತ್ರಗಳ ಜಿಡ್ಡು ತೆಗೆಯಲು ಪೆಟ್ರೋಲಿಯಂ ದ್ರಾವಕಗಳ ಬದಲು ಸಿಪ್ಪೆಯ ಎಣ್ಣೆ ಬಳಸುವ ಪದ್ಧತಿ ಬೆಳೆದಿದೆ. ಒಂದು ಎಚ್ಚರಿಕೆ ಬೇಕು: ಈ ಎಣ್ಣೆಗೆ ಬೆಂಕಿ ಬೇಗ ಹತ್ತುತ್ತದೆ. ದೀಪದ ಹತ್ತಿರ ಸಿಪ್ಪೆ ಚಿಮ್ಮಿಸಿದರೆ ಕಿಡಿ ಹಾರುವುದನ್ನು ನೋಡಿದವರಿಗೆ ಹೇಳಬೇಕಾಗಿಲ್ಲ.

ಮರಕ್ಕೆ ಈ ಎಣ್ಣೆ ಯಾಕೆ ಬೇಕು? ಕೀಟಗಳನ್ನೂ ಸೂಕ್ಷ್ಮಜೀವಿಗಳನ್ನೂ ದೂರ ಇಡಲು ಎಂಬುದು ಸುಲಭದ ಉತ್ತರ. ಥಿಯೋಫ್ರಾಸ್ಟಸನ ನುಸಿಗಳ ಮಟ್ಟಿಗೆ ಅದು ನಿಜವೂ ಹೌದು. ಆದರೆ ಸ್ಪೇನಿನ ವಿಜ್ಞಾನಿಗಳು ಸಿಪ್ಪೆಯಲ್ಲಿ ಲಿಮೊನೀನ್ ತೀರಾ ಕಡಿಮೆ ಇರುವಂತೆ ಜೀನ್ ಬದಲಿಸಿದ ಕಿತ್ತಳೆಗಳನ್ನು ಬೆಳೆಸಿ, 2011ರಲ್ಲಿ ಫಲಿತಾಂಶ ಪ್ರಕಟಿಸಿದಾಗ ಉತ್ತರ ಅಷ್ಟು ಸುಲಭವಲ್ಲ ಎಂದು ತಿಳಿಯಿತು. ಲಿಮೊನೀನ್ ಕಡಿಮೆಯಾದ ಹಣ್ಣುಗಳಿಗೆ ಹಣ್ಣುನೊಣದ ಗಂಡುಗಳು ಅಷ್ಟಾಗಿ ಬರಲಿಲ್ಲ. ಹಸಿರು ಬೂಷ್ಟೂ ಅವನ್ನು ಸುಲಭವಾಗಿ ಹಿಡಿಯಲಿಲ್ಲ. ಮನೆಯ ಬುಟ್ಟಿಯಲ್ಲಿ ಮೂಲೆಗೆ ಬಿದ್ದ ಕಿತ್ತಳೆಯ ಮೇಲೆ ಹಸಿರು ಪುಡಿಯಂತೆ ಬರುತ್ತದಲ್ಲ, ಅದೇ ಬೂಷ್ಟು. ಬಹುತೇಕ ಜೀವಿಗಳನ್ನು ಓಡಿಸುವ ಘಮವನ್ನೇ ಕೆಲವು ಜೀವಿಗಳು ಮನೆಯ ವಿಳಾಸ ಮಾಡಿಕೊಂಡಿವೆ. ಸಿಪ್ಪೆ ಸುಟ್ಟರೆ ಸೊಳ್ಳೆಯೆಲ್ಲ ಓಡುತ್ತದೆ ಎಂದು ನಂಬಿ ಕೂರುವ ಮೊದಲು ಇದು ನೆನಪಿರಲಿ. ಸಿಪ್ಪೆಯ ಎಣ್ಣೆ ಬೇಗ ಆವಿಯಾಗುತ್ತದೆ. ಅದರ ಕಾವಲೂ ಅಷ್ಟೇ ಹೊತ್ತು.

ಬಿಳಿ ಪದರದ ಅಂಟು

ಬಿಳಿ ಪದರವನ್ನು ನಾವು ಉಗುರಿನಿಂದ ಕೆರೆದು ಎಸೆಯುತ್ತೇವೆ. ಆರೋಗ್ಯದ ಲೆಕ್ಕದಲ್ಲಿ ಅತ್ಯಂತ ಗಟ್ಟಿ ಪುರಾವೆ ಇರುವುದು ಅದಕ್ಕೇ. ಒಣಗಿದ ಸಿಪ್ಪೆಯ ತೂಕದಲ್ಲಿ ಸುಮಾರು ಕಾಲು ಭಾಗ ಪೆಕ್ಟಿನ್. 1825ರಲ್ಲಿ ಫ್ರಾನ್ಸಿನ ಆನ್ರಿ ಬ್ರಾಕೊನೊ ಇದನ್ನು ಬೇರ್ಪಡಿಸಿ, ಗಟ್ಟಿಯಾಗುವುದು ಎಂಬ ಅರ್ಥದ ಗ್ರೀಕ್ ಪದದಿಂದ ಹೆಸರಿಟ್ಟರು. ಹುಳಿ, ಸಕ್ಕರೆ, ಬಿಸಿ ಮೂರೂ ಕೂಡಿದಾಗ ಪೆಕ್ಟಿನಿನ ಉದ್ದನೆಯ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ನೀರನ್ನು ಬಲೆಯೊಳಗೆ ಹಿಡಿದಿಡುತ್ತವೆ. ಜಾಮ್ ಗಟ್ಟಿಯಾಗುವುದು ಹೀಗೆ. ಇವತ್ತು ಪ್ರಪಂಚದ ಪೆಕ್ಟಿನ್ ಬಹುಪಾಲು ಬರುವುದು ರಸ ಹಿಂಡಿದ ಮೇಲೆ ಉಳಿದ ಸಿಟ್ರಸ್ ಸಿಪ್ಪೆಯಿಂದ.

ಹೊಟ್ಟೆಯೊಳಗೂ ಪೆಕ್ಟಿನ್ ಮಾಡುವುದು ಇದೇ ಕೆಲಸ. ನಮ್ಮ ಕಿಣ್ವಗಳಿಗೆ ಅದನ್ನು ಒಡೆಯಲು ಬರುವುದಿಲ್ಲ. ಕರುಳಿನಲ್ಲಿ ಲೋಳೆಯಂತೆ ಹರಡಿ, ಅನ್ನದಿಂದ ಬಂದ ಸಕ್ಕರೆ ರಕ್ತ ಸೇರುವುದನ್ನು ನಿಧಾನ ಮಾಡುತ್ತದೆ. ಪಿತ್ತರಸದ ಆಮ್ಲಗಳನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಹೋದ ಪಿತ್ತಾಮ್ಲವನ್ನು ಮತ್ತೆ ತಯಾರಿಸಲು ಯಕೃತ್ತು ರಕ್ತದ ಕೊಲೆಸ್ಟ್ರಾಲನ್ನೇ ಎಳೆದುಕೊಳ್ಳಬೇಕಾಗುತ್ತದೆ. ಕೊನೆಗೆ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ಅದು ಊಟ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ಪುರಾವೆಗಳನ್ನು ತೂಗಿ ಎರಡು ಮಾತು ಒಪ್ಪಿತು. ದಿನಕ್ಕೆ 6 ಗ್ರಾಂ ಪೆಕ್ಟಿನ್ ಕೊಲೆಸ್ಟ್ರಾಲನ್ನು ಹದದಲ್ಲಿಡಲು ನೆರವಾಗುತ್ತದೆ. ಊಟದ ಜೊತೆ 10 ಗ್ರಾಂ ತೆಗೆದುಕೊಂಡರೆ ಊಟದ ನಂತರ ಸಕ್ಕರೆ ಏರುವುದು ತಗ್ಗುತ್ತದೆ. ಇವು ಸಣ್ಣ ಪ್ರಮಾಣಗಳಲ್ಲ. ಒಂದು ಚಮಚ ಸಿಪ್ಪೆಪುಡಿಯಲ್ಲಿ ಅಷ್ಟು ಪೆಕ್ಟಿನ್ ಇರುವುದಿಲ್ಲ. ಸಿಪ್ಪೆ ನಮ್ಮ ದಿನದ ನಾರಿನ ಲೆಕ್ಕಕ್ಕೆ ಒಂದಿಷ್ಟು ಕೂಡಿಸುತ್ತದೆ. ಕೊಲೆಸ್ಟ್ರಾಲಿನ ಮಾತ್ರೆಯ ಜಾಗಕ್ಕೆ ಅದನ್ನು ಕೂರಿಸಬಾರದು.

ವಿಟಮಿನ್ ಸಿ ಲೆಕ್ಕವೂ ಹೀಗೇ. ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಹಸಿ ಕಿತ್ತಳೆ ಸಿಪ್ಪೆಯಲ್ಲಿ 136 ಮಿಲಿಗ್ರಾಂ ವಿಟಮಿನ್ ಸಿ ಇದೆ. ಅಷ್ಟೇ ತೂಕದ ತೊಳೆಯಲ್ಲಿ ಸುಮಾರು 53 ಮಿಲಿಗ್ರಾಂ. ನಾರು ಸಿಪ್ಪೆಯಲ್ಲಿ 10.6 ಗ್ರಾಂ, ತೊಳೆಯಲ್ಲಿ 2.4 ಗ್ರಾಂ. ಕ್ಯಾಲ್ಸಿಯಂ ಸಿಪ್ಪೆಯಲ್ಲಿ 161 ಮಿಲಿಗ್ರಾಂ, ತೊಳೆಯಲ್ಲಿ 40. ಈ ಅಂಕಿಗಳನ್ನು ನೋಡಿದಾಗ ಸಿಪ್ಪೆಯೇ ಹಣ್ಣು ಎನಿಸುತ್ತದೆ. ಆದರೆ 100 ಗ್ರಾಂ ಸಿಪ್ಪೆಯನ್ನು ಯಾರೂ ತಿನ್ನುವುದಿಲ್ಲ. ಒಂದು ದೊಡ್ಡ ಚಮಚ ತುರಿ ಅಂದರೆ 6 ಗ್ರಾಂ. ಅದರಲ್ಲಿ ಸಿಗುವ ವಿಟಮಿನ್ ಸಿ 8 ಮಿಲಿಗ್ರಾಂ. ಬಿಸಿಲಿಗೆ ಒಣಗಿಸಿದರೆ, ಕುದಿಸಿದರೆ ಇನ್ನೂ ಕಡಿಮೆ.

ಕಹಿಯ ಕಥೆ

ಮೋಸಂಬಿ ರಸ ಹಿಂಡಿ ಇಟ್ಟು ಮರೆತರೆ ಅರ್ಧ ದಿನದಲ್ಲಿ ಕಹಿಯಾಗುತ್ತದೆ. ಹಣ್ಣಿನಲ್ಲಿ ರುಚಿಯಿಲ್ಲದೆ ಇದ್ದ ಒಂದು ವಸ್ತು ರಸದ ಹುಳಿಗೆ ಸಿಕ್ಕಿ ನಿಧಾನವಾಗಿ ಲಿಮೊನಿನ್ ಎಂಬ ಕಹಿ ವಸ್ತುವಾಗಿ (ಘಮದ ಲಿಮೊನೀನ್ ಬೇರೆ, ಇದು ಬೇರೆ) ಬದಲಾಗುವುದೇ ಇದಕ್ಕೆ ಕಾರಣ. ಚಕ್ಕೋತದ ಬಿಳಿ ಪದರದ ಕಹಿ ಬೇರೆ, ಅದು ನಾರಿಂಜಿನ್. ಕಿತ್ತಳೆಯ ಬಿಳಿ ಪದರದಲ್ಲಿ ಹೆಚ್ಚಾಗಿರುವ ಹೆಸ್ಪೆರಿಡಿನ್‌ಗೆ ಕಹಿಯೇ ಇಲ್ಲ. 1828ರಲ್ಲೇ ಫ್ರೆಂಚ್ ರಸಾಯನಜ್ಞ ಲೆಬ್ರೆಟನ್ ಅದನ್ನು ಬೇರ್ಪಡಿಸಿದ್ದರು. ಇನ್ನೂ ವಿಚಿತ್ರವಾದದ್ದು 1960ರ ದಶಕದಲ್ಲಿ ಕ್ಯಾಲಿಫೋರ್ನಿಯದಲ್ಲಿ ನಡೆಯಿತು. ಸಿಟ್ರಸ್ ಕಹಿಯ ಗುಟ್ಟು ಹುಡುಕುತ್ತಿದ್ದ ಹೊರೊವಿಟ್ಜ್ ಮತ್ತು ಜೆಂಟಿಲಿ ಎಂಬ ವಿಜ್ಞಾನಿಗಳು ಸಿಪ್ಪೆಯ ಕಹಿ ಅಣುವಿನ ಒಂದು ಉಂಗುರವನ್ನು ಬಿಡಿಸಿದಾಗ ಸಕ್ಕರೆಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಸಿಹಿಯಾದ ವಸ್ತು ಹುಟ್ಟಿತು. ಕಹಿಗೂ ಸಿಹಿಗೂ ನಡುವೆ ಇದ್ದದ್ದು ಒಂದು ಬಂಧ.

ನಾರಿಂಜಿನ್, ಹೆಸ್ಪೆರಿಡಿನ್‌ಗಳು ಸೇರಿದ ಫ್ಲೇವನಾಯ್ಡ್ ಎಂಬ ಗುಂಪಿನ ವಸ್ತುಗಳ ಬಗ್ಗೆ ಆಸೆ ಹುಟ್ಟಿಸಿದವರು ಸಾಮಾನ್ಯರಲ್ಲ. ವಿಟಮಿನ್ ಸಿ ಸಂಶೋಧನೆಗೆ 1937ರ ನೊಬೆಲ್ ಪಡೆದ ಹಂಗೆರಿಯ ಆಲ್ಬರ್ಟ್ ಸೆಂಟ್-ಜಾರ್ಜಿ, ಅದರ ಹಿಂದಿನ ವರ್ಷ ನಿಂಬೆ ಮತ್ತು ಕೆಂಪು ಮೆಣಸಿನಿಂದ ತೆಗೆದ ಫ್ಲೇವನಾಯ್ಡ್‌ಗಳು ಸಣ್ಣ ರಕ್ತನಾಳಗಳನ್ನು ಗಟ್ಟಿ ಮಾಡುತ್ತವೆ ಎಂದು ವರದಿ ಮಾಡಿ ವಿಟಮಿನ್ ಪಿ ಎಂದು ಹೆಸರಿಟ್ಟರು. ಅವು ಇಲ್ಲದಿದ್ದರೆ ಬರುವ ರೋಗ ಯಾವುದೂ ಸಾಬೀತಾಗಲಿಲ್ಲ. 1950ರ ಹೊತ್ತಿಗೆ ಆ ಹೆಸರನ್ನು ಕೈಬಿಡಲಾಯಿತು. ವಿಟಮಿನ್ ಅಲ್ಲ ಎಂದರೆ ಕೆಲಸಕ್ಕೆ ಬಾರದ್ದು ಎಂದಲ್ಲ. ಹೆಸ್ಪೆರಿಡಿನ್‌ನಿಂದ ತಯಾರಿಸುವ ಡಯೋಸ್ಮಿನ್, ಅದರ ಜೊತೆ ಸ್ವಲ್ಪ ಹೆಸ್ಪೆರಿಡಿನ್ ಸೇರಿದ ಮಾತ್ರೆಯನ್ನು ಕಾಲಿನ ಉಬ್ಬಿದ ಅಭಿಧಮನಿಗೂ ಮೂಲವ್ಯಾಧಿಗೂ ವೈದ್ಯರು ಇಂದೂ ಬರೆಯುತ್ತಾರೆ. ಫ್ರಾನ್ಸಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 24 ಆರೋಗ್ಯವಂತ ಗಂಡಸರು 4 ವಾರ ದಿನವೂ ಅರ್ಧ ಲೀಟರ್ ಕಿತ್ತಳೆ ರಸ ಕುಡಿದಾಗಲೂ, ರಸದ ಬದಲು ಅಷ್ಟೇ ಹೆಸ್ಪೆರಿಡಿನ್ ತೆಗೆದುಕೊಂಡಾಗಲೂ ಅವರ ರಕ್ತದೊತ್ತಡದ ಕೆಳಗಿನ ಅಂಕಿ ಸ್ವಲ್ಪ ಇಳಿಯಿತು. ಇದು ಚಿಕ್ಕ ಪ್ರಯೋಗ, ಆದರೆ ಒಳ್ಳೆಯ ಸುಳಿವು.

ಕ್ಯಾನ್ಸರಿನ ಮಾತನ್ನು ಇನ್ನೂ ಜೋಪಾನವಾಗಿ ಆಡಬೇಕು. ಬಿಸಿಲಿನ ನಾಡಾದ ಅರಿಜೋನಾದಲ್ಲಿ ಚರ್ಮದ ಒಂದು ಬಗೆಯ ಕ್ಯಾನ್ಸರ್ ಇದ್ದವರನ್ನೂ ಇಲ್ಲದವರನ್ನೂ ಹೋಲಿಸಿ 2000ದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಸಿಟ್ರಸ್ ಸಿಪ್ಪೆ ತಿನ್ನುವ ಅಭ್ಯಾಸ ಇದ್ದವರಲ್ಲಿ ಆ ಕ್ಯಾನ್ಸರ್ ಕಡಿಮೆ ಕಂಡಿತು. ಸಿಪ್ಪೆ ತಿನ್ನುವವರು ಬೇರೆ ರೀತಿಯಲ್ಲೂ ಆರೋಗ್ಯದ ಬಗ್ಗೆ ಕಾಳಜಿ ಉಳ್ಳವರಿರಬಹುದು. ಎರಡು ಸಂಗತಿ ಜೊತೆಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಚಿಕಿತ್ಸೆ ನಿಲ್ಲಿಸಿ ಸಿಪ್ಪೆಪುಡಿ ಹಿಡಿಯುವಂತೆ ಹೇಳುವ ಸಂದೇಶವನ್ನು ಮುಂದೆ ಕಳಿಸುವ ಬೆರಳಿಗೆ ದೊಡ್ಡ ಹೊಣೆ ಇದೆ.

ಗೊಜ್ಜಿನ ವಿಜ್ಞಾನ

ಹಾಗಾದರೆ ಸಿಪ್ಪೆಯನ್ನು ತಿನ್ನುವುದು ಹೇಗೆ? ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ಶಿನ್‌ಹುಯಿಯಲ್ಲಿ ಮ್ಯಾಂಡರಿನ್ ಸಿಪ್ಪೆಯನ್ನು ಒಣಗಿಸಿ ಕನಿಷ್ಠ 3 ವರ್ಷ ಹಳೆಯದಾಗಲು ಬಿಟ್ಟು, ಚೆನ್‌ಪಿ ಎಂಬ ಹೆಸರಿನಲ್ಲಿ ಅಡುಗೆಗೂ ಔಷಧಕ್ಕೂ ಬಳಸುತ್ತಾರೆ. ಇಂಗ್ಲೆಂಡಿನವರು ಕಹಿ ಕಿತ್ತಳೆ ಸಿಪ್ಪೆಯಿಂದ ಮಾರ್ಮಲೇಡ್ ಮಾಡುತ್ತಾರೆ. ನಮ್ಮಲ್ಲಿ ಹೇರಳೆಕಾಯಿ, ಕಂಚಿಕಾಯಿ, ನಿಂಬೆಗಳು ಸಿಪ್ಪೆ ಸಮೇತ ಉಪ್ಪಿನಕಾಯಿಯ ಭರಣಿ ಸೇರುತ್ತವೆ. ಇವೆಲ್ಲಕ್ಕಿಂತ ನನಗೆ ಅಚ್ಚುಮೆಚ್ಚಿನದು ಕಿತ್ತಳೆ ಸಿಪ್ಪೆ ಗೊಜ್ಜು.

ಗೊಜ್ಜಿನ ಒಂದೊಂದು ಹಂತಕ್ಕೂ ಒಂದೊಂದು ಕಾರಣವಿದೆ. ಸಿಪ್ಪೆಯನ್ನು ಸಣ್ಣಗೆ ಹೆಚ್ಚಿದಾಗ ಎಣ್ಣೆಯ ಚೀಲಗಳು ಒಡೆಯುತ್ತವೆ. ಒಗ್ಗರಣೆಯ ಎಣ್ಣೆಯಲ್ಲಿ ಬಾಡಿಸಿದಾಗ ಲಿಮೊನೀನಿನ ತೀಕ್ಷ್ಣ ಪಾಲು ಆವಿಯಾಗಿ ಹೋಗುತ್ತದೆ, ಉಳಿದ ಘಮ ಎಣ್ಣೆಯೊಳಗೆ ಕರಗಿ ಇಡೀ ಗೊಜ್ಜಿಗೆ ಹರಡುತ್ತದೆ. ಹುಣಸೆ ರಸದಲ್ಲಿ ಬೆಂದಾಗ ಬಿಳಿ ಪದರ ಮೆತ್ತಗಾಗಿ ಪೆಕ್ಟಿನ್ ಬಿಡುತ್ತದೆ. ಹುಳಿ, ಬೆಲ್ಲ, ಬಿಸಿ ಮೂರೂ ಅಲ್ಲೇ ಇವೆ, ಗೊಜ್ಜು ಆರಿದ ಮೇಲೆ ಇನ್ನಷ್ಟು ಗಟ್ಟಿಯಾಗುವುದರಲ್ಲಿ ಅದರ ಪಾಲೂ ಇದೆ. ಉಪ್ಪಿನ ಸೋಡಿಯಂ ನಾಲಗೆಯ ಮೇಲೆ ಕಹಿಯನ್ನು ಅಡಗಿಸುತ್ತದೆ, ಬೆಲ್ಲ ಉಳಿದ ಕಹಿಗೆ ಜೊತೆಯಾಗುತ್ತದೆ, ಸಾರಿನ ಪುಡಿ ಖಾರ ತರುತ್ತದೆ. ಹೀಗೆ ಮಾಡಿದ ಗೊಜ್ಜನ್ನು ಅನ್ನದ ಜೊತೆ ಒಂದೆರಡು ಚಮಚಕ್ಕಿಂತ ಹೆಚ್ಚು ಯಾರೂ ಹಾಕಿಕೊಳ್ಳುವುದಿಲ್ಲ. ಆ ಅಳತೆಯಲ್ಲೇ ಅಡುಗೆಯ ಜಾಣತನವಿದೆ.

ಎಲ್ಲಿ ತಡೆಯಬೇಕು

ಮರ ತನ್ನ ರಕ್ಷಣೆಗೆ ಮಾಡಿಕೊಂಡ ರಾಸಾಯನಿಕಗಳು ನಮಗೆ ಸದಾ ಸೌಮ್ಯವಾಗಿರಬೇಕು ಎಂದೇನೂ ಇಲ್ಲ. ಫ್ಯೂರನೊಕೌಮರಿನ್ ಎಂಬ ಗುಂಪಿನ ವಸ್ತುಗಳು ನಿಂಬೆ ಮತ್ತು ಬರ್ಗಮಾಟ್ ಎಂಬ ಸಿಟ್ರಸ್ ಹಣ್ಣಿನ ಸಿಪ್ಪೆಯಲ್ಲಿವೆ. ಅವು ಚರ್ಮಕ್ಕೆ ತಾಗಿ, ಮೇಲೆ ಬಿಸಿಲು ಬಿದ್ದರೆ ಸುಟ್ಟಂತೆ ಬೊಬ್ಬೆ ಏಳಬಹುದು, ಕಪ್ಪು ಕಲೆ ವಾರಗಟ್ಟಲೆ ಉಳಿಯಬಹುದು. ಬೆಳ್ಳಗಾಗಲೆಂದು ನಿಂಬೆ ಸಿಪ್ಪೆ ಉಜ್ಜಿಕೊಂಡು ಬಿಸಿಲಿಗೆ ಹೋದವರ ಮುಖ ಇನ್ನಷ್ಟು ಕಪ್ಪಾಗುವುದು ಹೀಗೆ. ಗಾಳಿಗೆ ತೆರೆದಿಟ್ಟು ಹಳತಾದ ಸಿಪ್ಪೆಯ ಎಣ್ಣೆಯಲ್ಲಿ ಲಿಮೊನೀನ್ ಆಮ್ಲಜನಕದೊಂದಿಗೆ ಸೇರಿ ಚರ್ಮದ ಅಲರ್ಜಿ ತರುವ ವಸ್ತುವಾಗುತ್ತದೆ. ಸೀಸೆಯಲ್ಲಿ ಸಿಗುವ ಸಾಂದ್ರ ಎಣ್ಣೆಯನ್ನಂತೂ ಕುಡಿಯಬಾರದು.

ಔಷಧ ತೆಗೆದುಕೊಳ್ಳುವವರು ಇನ್ನೊಂದು ಮಾತು ತಿಳಿದಿರಬೇಕು. 1989ರಲ್ಲಿ ಕೆನಡಾದ ಡೇವಿಡ್ ಬೈಲಿ ಮತ್ತು ಸಂಗಡಿಗರು, ದ್ರಾಕ್ಷಿಗೊಂಚಲಿನಂತೆ ಬಿಡುವ ಗ್ರೇಪ್‌ಫ್ರೂಟ್ ಹಣ್ಣಿನ ರಸ ರಕ್ತದೊತ್ತಡದ ಔಷಧವೊಂದರ ಪ್ರಮಾಣವನ್ನು ರಕ್ತದಲ್ಲಿ ವಿಪರೀತ ಏರಿಸುತ್ತದೆ ಎಂದು ವರದಿ ಮಾಡಿದರು. ಔಷಧವನ್ನು ಕರುಳಲ್ಲೇ ಒಡೆಯುವ ಕಿಣ್ವವನ್ನು ಅದೇ ಫ್ಯೂರನೊಕೌಮರಿನ್‌ಗಳು ಕಟ್ಟಿಹಾಕುತ್ತವೆ. ಚಕ್ಕೋತ ಗ್ರೇಪ್‌ಫ್ರೂಟಿನ ಹೆತ್ತವರಲ್ಲಿ ಒಂದು. ಕಹಿ ಕಿತ್ತಳೆಯಲ್ಲೂ ಈ ಗುಣವಿದೆ. ಕೊಲೆಸ್ಟ್ರಾಲಿಗೆ, ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರು ಈ ಹಣ್ಣುಗಳನ್ನೂ ಅವುಗಳ ಸಿಪ್ಪೆಯ ತಿನಿಸನ್ನೂ ಬಳಸುವ ಮೊದಲು ವೈದ್ಯರನ್ನು ಕೇಳಬೇಕು. ತೂಕ ಇಳಿಸುವ ಪುಡಿಗಳಲ್ಲಿ ಸೇರಿಸುವ ಕಹಿ ಕಿತ್ತಳೆ ಸಿಪ್ಪೆಯ ಸಿನೆಫ್ರಿನ್ ಹೃದಯದ ಬಡಿತವನ್ನೂ ರಕ್ತದೊತ್ತಡವನ್ನೂ ಏರಿಸಬಲ್ಲದು.

ದೂರದಿಂದ ಬಂದು ಮಿರಮಿರ ಹೊಳೆಯುವ ಹಣ್ಣುಗಳ ಮೇಲೆ ಮೇಣ ಇರುತ್ತದೆ, ಬೂಷ್ಟು ಹಿಡಿಯದಂತೆ ಶಿಲೀಂಧ್ರನಾಶಕವೂ ಇರಬಹುದು. ಉಗುರುಬೆಚ್ಚಗಿನ ನೀರಲ್ಲಿ ಚೆನ್ನಾಗಿ ಉಜ್ಜಿ ತೊಳೆದರೆ ಒಂದಿಷ್ಟು ಹೋಗುತ್ತದೆ, ಪೂರ್ತಿ ಹೋಗುವುದಿಲ್ಲ. ಅಡುಗೆಗೆ ಸಿಪ್ಪೆ ಬೇಕಾದಾಗ ಗೊತ್ತಿರುವ ತೋಟದ ಹಣ್ಣು, ಹಿತ್ತಿಲ ಹಣ್ಣು ಹುಡುಕುವುದು ಮೇಲು.

ಮಣ್ಣಿಗೆ ಮರಳಿದ ಸಿಪ್ಪೆ

ರಸ ತೆಗೆಯುವ ಕಾರ್ಖಾನೆಯಲ್ಲಿ ಕಿತ್ತಳೆಯ ತೂಕದ ಸುಮಾರು ಅರ್ಧ ಸಿಪ್ಪೆ, ನಾರು, ಬೀಜವಾಗಿ ಉಳಿಯುತ್ತದೆ. 1990ರ ದಶಕದಲ್ಲಿ ಕೋಸ್ಟರಿಕಾದಲ್ಲಿ ಪರಿಸರ ವಿಜ್ಞಾನಿಗಳಾದ ಡೇನಿಯಲ್ ಜಾನ್ಜೆನ್ ಮತ್ತು ವಿನಿ ಹಾಲ್‌ವಾಕ್ಸ್ ದಂಪತಿ ಒಂದು ರಸದ ಕಂಪನಿಗೆ ಹೊಸ ಯೋಜನೆ ಮುಂದಿಟ್ಟರು: ನಿಮ್ಮ ಕಾಡಿನ ಜಾಗವನ್ನು ಸಂರಕ್ಷಿತ ಪ್ರದೇಶಕ್ಕೆ ಕೊಡಿ, ನಿಮ್ಮ ಸಿಪ್ಪೆಯನ್ನು ಪಾಳುಬಿದ್ದ ಹುಲ್ಲುಗಾವಲಿನಲ್ಲಿ ಸುರಿಯಿರಿ. ಸುಮಾರು 3 ಹೆಕ್ಟೇರಿನಲ್ಲಿ 12,000 ಟನ್ ಸಿಪ್ಪೆ ಬಿತ್ತು. ಪ್ರತಿಸ್ಪರ್ಧಿ ಕಂಪನಿ ನ್ಯಾಯಾಲಯಕ್ಕೆ ಹೋಗಿ ಯೋಜನೆ ನಿಂತಿತು. 16 ವರ್ಷಗಳ ನಂತರ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ತಿಮೊಥಿ ಟ್ರೂಯರ್ ಆ ಜಾಗ ಹುಡುಕಿಕೊಂಡು ಹೋದಾಗ ಬಳ್ಳಿಗಳು ಮುಚ್ಚಿದ್ದರಿಂದ ಜಾಗ ಗುರುತಿಸುವ ಫಲಕವೇ ಕಾಣಲಿಲ್ಲ. ಸಿಪ್ಪೆ ಬಿದ್ದ ಕಡೆ ನೆಲದ ಮೇಲಿನ ಸಸ್ಯರಾಶಿ, ಬೀಳದ ಪಕ್ಕದ ಜಾಗಕ್ಕಿಂತ ಶೇಕಡಾ 176ರಷ್ಟು ಹೆಚ್ಚಿತ್ತು ಎಂದು 2017ರಲ್ಲಿ ಅವರ ತಂಡ ವರದಿ ಮಾಡಿತು.

ನಮ್ಮ ಮನೆಯಲ್ಲಿ ಅಷ್ಟು ಸಿಪ್ಪೆ ಇರುವುದಿಲ್ಲ. ಎರೆಗೊಬ್ಬರದ ತೊಟ್ಟಿಗೆ ಹಸಿ ಸಿಪ್ಪೆ ಜಾಸ್ತಿ ಹಾಕಿದರೆ ಎರೆಹುಳುಗಳು ದೂರ ಸರಿಯುತ್ತವೆ. ಒಣಗಿಸಿ, ಚೂರು ಮಾಡಿ, ಒಣ ಎಲೆಯೊಡನೆ ಬೆರೆಸಿ ಕೊಟ್ಟರೆ ಸಿಪ್ಪೆ ನಿಧಾನವಾಗಿ ಮಣ್ಣಾಗುತ್ತದೆ. ಬೆಂಗಳೂರಿನ ಅನೇಕ ಮನೆಗಳಲ್ಲಿ ಈಗ 1 ಪಾಲು ಬೆಲ್ಲ, 3 ಪಾಲು ಸಿಪ್ಪೆ, 10 ಪಾಲು ನೀರು ಹಾಕಿ 3 ತಿಂಗಳು ಹುದುಗಿಸಿ ಬಯೊ ಎಂಜೈಮ್ ಮಾಡುತ್ತಾರೆ. ಯೀಸ್ಟು ಬೆಲ್ಲವನ್ನು ಮದ್ಯಸಾರ ಮಾಡುತ್ತದೆ, ಬ್ಯಾಕ್ಟೀರಿಯಾ ಅದನ್ನು ವಿನೆಗರಿನ ಆಮ್ಲ ಮಾಡುತ್ತದೆ. ಕೊಳವೆಬಾವಿಯ ಗಡುಸು ನೀರು ನಲ್ಲಿಯ ಮೇಲೆ ಬಿಟ್ಟ ಬಿಳಿ ಕಲೆಯನ್ನು ಕರಗಿಸುವುದು ಈ ಆಮ್ಲ. ಮೊದಲ ತಿಂಗಳು ದಿನವೂ ಮುಚ್ಚಳ ತೆರೆದು ಅನಿಲ ಬಿಡಬೇಕು, ಗಾಜಿನ ಸೀಸೆ ಬೇಡ. ಅಮೃತಶಿಲೆಯ ನೆಲಕ್ಕೆ ಹಾಕಬಾರದು, ಬ್ಲೀಚಿನ ಜೊತೆ ಎಂದೂ ಬೆರೆಸಬಾರದು, ವಿಷಾನಿಲ ಹೊರಡುತ್ತದೆ.

ಕೊಡಗಿನ ಕಿತ್ತಳೆ ಪೇಟೆಗೆ ಬರುವ ದಿನಗಳಲ್ಲಿ ನಾಲ್ಕು ಹಣ್ಣು ತಂದರೆ ಮೂರರ ಸಿಪ್ಪೆಯನ್ನು ಹುದುಗಿಸಲೋ ಗೊಬ್ಬರಕ್ಕೋ ಇಡಿ. ಉಳಿದ ಒಂದನ್ನು ತೊಳೆದು, ಸುಲಿದು, ಸಿಪ್ಪೆಯ ಚೂರೊಂದನ್ನು ಮಕ್ಕಳ ಕೈಗೆ ಕೊಟ್ಟು, ಕಿಟಕಿಯ ಬೆಳಕಿಗೆ ಹಿಡಿದು ಆ ಎಣ್ಣೆಯ ಚುಕ್ಕೆಗಳನ್ನು ತೋರಿಸಿ. ಆಮೇಲೆ ಬಾಣಲೆ ಒಲೆಯ ಮೇಲಿಡಿ. ಒಂದು ಹಣ್ಣಿನ ಸಿಪ್ಪೆ ನಾಲ್ಕು ಜನರ ಗೊಜ್ಜಿಗೆ ಸಾಕು.